ಹಲ್ಕ್ 181 ಕೊಳ್ಳುವ ಮುಂಚೆ ಸ್ಟಾಂಪ್ ನೋಡಿ

1974ರ ನವೆಂಬರ್ ತಾರೀಕು ಹೊತ್ತ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಅಮೆರಿಕದ ಕಾಮಿಕ್ಸ್‌ನ 181ನೇ ಸಂಚಿಕೆಯ ಫೋಟೊ ಕಳಿಸಿ ಯಾರಾದರೂ ‘ಒಳ್ಳೇ ಕಂಡಿಷನ್, ಕಮ್ಮಿ ರೇಟು’ ಅಂದರೆ ಮುಖಪುಟಕ್ಕೆ ಮರುಳಾಗಬೇಡಿ. ಮೊದಲು ಕೇಳಬೇಕಾದ್ದು ಓದುಗರ ಪತ್ರಗಳ ಪುಟದ ಫೋಟೊ. ಶಾನಾ ಎಂಬ ಕಾಡುನಾಯಕಿಯ ಚಿತ್ರವಿರುವ, 54ನೇ ನಂಬರಿನ ಪುಟಾಣಿ ಚೀಟಿಯೊಂದು ಅಲ್ಲಿರಬೇಕು. ಪ್ರಕಾಶಕರಾದ ಮಾರ್ವೆಲ್ ಕಂಪನಿ ಆ ವರ್ಷ ಶುರುಮಾಡಿದ್ದ ‘ವ್ಯಾಲ್ಯೂ ಸ್ಟಾಂಪ್’ ಅದು. ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ ಎಂದು ಕಂಪನಿಯೇ ಹೇಳಿತ್ತು, ಮಕ್ಕಳು ಹೇಳಿದ ಹಾಗೇ ಮಾಡಿದರು. ಹೀಗಾಗಿ ವುಲ್ವರಿನ್ ಎಂಬ ನಾಯಕ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಸಂಚಿಕೆಯ ಎಷ್ಟೋ ಪ್ರತಿಗಳು ಹೊರಗೆ ಥಳಥಳ, ಒಳಗೆ ಒಂದು ಚೌಕದ ತೂತು. ಅಂಥದು ಲೆಕ್ಕಕ್ಕೆ ಅಪೂರ್ಣ ಪ್ರತಿ, ಪೂರ್ತಿ ಬೆಲೆ ಕೊಡಬೇಕಾದ್ದಲ್ಲ.

ಹೊಸಬರು ಕೈಹಾಕಲು ಬ್ರಾಂಜ್ ಏಜ್, ಅಂದರೆ 1970ರಿಂದ 1985ರ ಆಸುಪಾಸಿನವರೆಗಿನ ಸಂಚಿಕೆಗಳೇ ಸರಿ. 1938ರ ಜೂನ್‌ನ ‘ಆಕ್ಷನ್ ಕಾಮಿಕ್ಸ್’ 1ರಿಂದ ಶುರುವಾಗುವ ಗೋಲ್ಡನ್ ಏಜ್ ನೋಡಿ ಸಂತೋಷಪಡುವುದಕ್ಕೆ. 1956ರ ‘ಶೋಕೇಸ್’ 4ರಿಂದಾಚೆಯ ಸಿಲ್ವರ್ ಏಜ್‌ನಲ್ಲಿ ಸಾಧಾರಣ ಸಂಚಿಕೆಗಳು ಕೈಗೆಟುಕುತ್ತವೆ, ಮುಖ್ಯವಾದವು ಎಟುಕುವುದಿಲ್ಲ.

ಪ್ರತಿ ಕೈಗೆ ಬಂದ ಮೇಲೆ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕೈಗವಸು ಬೇಡ, ಹಾಕಿಕೊಂಡರೆ ಹಾಳೆಯ ಅಂಚು ಬೆರಳಿಗೆ ಗೊತ್ತಾಗದೆ ಮಡಚಿಕೊಳ್ಳುತ್ತದೆ. ಮೇಜಿನ ಮೇಲಿಟ್ಟು 90 ಡಿಗ್ರಿಗಿಂತ ಹೆಚ್ಚು ತೆರೆಯದೆ ಎಣಿಸಿ. ಮಾಮೂಲಿ ಸಂಚಿಕೆಯೆಂದರೆ ಮುಖಪುಟದ ಹಾಳೆ ಬಿಟ್ಟು 32 ಪುಟ: ನಡುವೆ ಮಡಚಿದ 8 ಹಾಳೆ, 16 ಎಲೆ, ಎರಡು ಪಿನ್ನು. ನಡುಹಾಳೆ ಎರಡೂ ಪಿನ್ನಿಗೆ ಗಟ್ಟಿಯಾಗಿ ಅಂಟಿಕೊಂಡಿದೆಯೇ ನೋಡಿ, ಮೊದಲು ಕಿತ್ತುಬರುವುದು ಅದೇ. ನಡುವೆ ದಪ್ಪ ಕಾಗದದ ನಾಲ್ಕು ಪುಟ ಒಡವೆ ಜಾಹೀರಾತು ಸಿಕ್ಕರೆ ಗಾಬರಿ ಬೇಡ. ಅಮೆರಿಕದ ಸೇನಾನೆಲೆಗಳಲ್ಲಿ ಮಾರಿದ ಪ್ರತಿಗಳಲ್ಲಿ ಮಾರ್ಕ್ ಜ್ಯುವೆಲರ್ಸ್‌ನ ಆ ಹಾಳೆ ಸೇರಿಸುತ್ತಿದ್ದರು, ಅದನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಆಮೇಲೆ ಬೆನ್ನು, ಅಂದರೆ ಪಿನ್ನು ಹೊಡೆದ ಮಡಿಕೆಯ ಅಂಚು. ದೀಪವನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಪಿನ್ನಿನ ಸುತ್ತ ಕೂದಲೆಳೆಯಂಥ ಅಡ್ಡಗೆರೆಗಳು ಕಾಣುತ್ತವೆ. ಗೆರೆ ಬಣ್ಣವನ್ನು ಸೀಳಿ ಬಿಳಿಯಾಗಿದ್ದರೆ ಅದು ಹೋಗುವಂಥದ್ದಲ್ಲ, ಬಣ್ಣ ಉಳಿದಿದ್ದರೆ ಪ್ರೆಸ್ಸಿಂಗ್‌ನಲ್ಲಿ (ಬಿಸಿ, ಒತ್ತಡ ಕೊಟ್ಟು ಚಪ್ಪಟೆ ಮಾಡುವುದರಲ್ಲಿ) ಕಮ್ಮಿಯಾಗಬಹುದು. ಕಪ್ಪು ಹಿನ್ನೆಲೆಯ ಮುಖಪುಟಗಳಲ್ಲಿ ಇದೊಂದು ಶಾಪ. ಮೋಲ್ಟನ್ ಮ್ಯಾನ್ ಎಂಬ ಖಳ ಮೊದಲು ಬಂದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 28 (1965 ಸೆಪ್ಟೆಂಬರ್) ಕಥೆಯ ದೃಷ್ಟಿಯಿಂದ ಅಂಥ ದೊಡ್ಡದೇನಲ್ಲ. ಆದರೆ ಕಪ್ಪು ಮೈಯ ಮೇಲೆ ಉಗುರು ತಗುಲಿದರೂ ಬಿಳಿ ಗೀರು, ಹಾಗಾಗಿ ಒಳ್ಳೇ ಪ್ರತಿ ಸಿಗುವುದೇ ಕಷ್ಟ. ಕಪ್ಪು ಮಾರ್ಕರ್ ಎಳೆದು ಗೀರು ಮುಚ್ಚುವ ಕೈಚಳಕ ಹುಟ್ಟಿದ್ದೂ ಇದಕ್ಕೇ. ಹಿಡಿಯುವುದು ಸುಲಭ: ಮುಖಪುಟದ ಒಳಮೈ ನೋಡಿ, ಬೆನ್ನಿನ ಉದ್ದಕ್ಕೂ ಶಾಯಿ ಇಂಗಿದ ನೀಲಿ-ನೇರಳೆ ಕಲೆ ಇರುತ್ತದೆ. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಹಚ್ಚಿದ ಜಾಗ ಅಕ್ಕಪಕ್ಕದ ಅಚ್ಚಿನ ಶಾಯಿಗಿಂತ ಬೇರೆಯಾಗಿ ಕಾಣುತ್ತದೆ. ಸಿಜಿಸಿಯಂಥ, ಪ್ರತಿಯ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್ ಕಂಪನಿ ಅದಕ್ಕೆ ‘ರಿಪೇರಿ ಆಗಿದೆ’ ಎನ್ನುವ ನೇರಳೆ ಲೇಬಲ್ ಹಚ್ಚಿದರೆ ಬೆಲೆ ದಬಕ್ಕನೆ ಬೀಳುತ್ತದೆ. ಅಂಚು ನೀಟಾಗಿ ಕತ್ತರಿಸಿದ ಪ್ರತಿಗೂ ಅದೇ ಗತಿ. ಅದೇ ಕಾಲದ ಇನ್ನೊಂದು ಸಂಚಿಕೆಯನ್ನು ಬೆನ್ನಿಗೆ ಬೆನ್ನು ಕೂಡಿಸಿ ಅಗಲ ಹೋಲಿಸಿದರೆ ಕತ್ತರಿ ಬಿದ್ದಿದ್ದು ಗೊತ್ತಾಗುತ್ತದೆ.

ಮರುಮುದ್ರಣಕ್ಕೆ ಮೋಸಹೋಗುವವರೇ ಜಾಸ್ತಿ. ‘ಆಕ್ಷನ್’ 1 ಸಿಕ್ಕಿತು ಅಂತ ಬರುವುದರಲ್ಲಿ ಬಹುಪಾಲು 1974ರ ‘ಫೇಮಸ್ ಫಸ್ಟ್ ಎಡಿಷನ್’, ಹೊರಗಿನ ದಪ್ಪ ಹೊದಿಕೆ ಕಿತ್ತಿದ್ದು. ಅದು ಸುಮಾರು 10 ಇಂಚು ಅಗಲ, 13½ ಇಂಚು ಎತ್ತರ. ಮೂಲ ಸಂಚಿಕೆ 8 ಇಂಚು ಅಗಲವೂ ಇಲ್ಲ. ಅಳತೆಪಟ್ಟಿ ಇಟ್ಟರೆ ಮಾತು ಮುಗಿಯಿತು. ಗ್ರಾಮಫೋನ್ ತಟ್ಟೆಯ ಜೊತೆ ಮಾರಿದ 1966ರ ‘ಗೋಲ್ಡನ್ ರೆಕಾರ್ಡ್’ ಮರುಮುದ್ರಣಗಳಲ್ಲಿ (‘ಸ್ಪೈಡರ್‌ಮ್ಯಾನ್’ 1, ‘ಫೆಂಟಾಸ್ಟಿಕ್ ಫೋರ್’ 1 ಮುಂತಾದವು) ಮುಖಪುಟದ ಮೇಲೆ ಬೆಲೆಯೇ ಇಲ್ಲ. ಈಚಿನ ಫ್ಯಾಕ್ಸಿಮಿಲಿಗಳಲ್ಲಿ, ಅಂದರೆ ಮೂಲದ ತದ್ರೂಪು ಮರುಮುದ್ರಣಗಳಲ್ಲಿ, ಹಳೇ ಜಾಹೀರಾತುಗಳೂ ಹಾಗೇ ಇರುವುದರಿಂದ ಒಳಪುಟಗಳ ಅಡಿಯ ಸಣ್ಣಕ್ಷರದ ಪ್ರಕಾಶನ ವಿವರವನ್ನೇ ಓದಬೇಕು.

ಮುಖಪುಟದ ಬೆಲೆ ಒಂದು ಗಡಿಯಾರ. 1962ರಿಂದ 12 ಸೆಂಟ್, 1969ರಲ್ಲಿ 15, ಎಪ್ಪತ್ತರ ಮೊದಲ ವರ್ಷಗಳಲ್ಲಿ 20, 1974ರಲ್ಲಿ 25, ಆಮೇಲೆ 30, 35. ಬೆಲೆ ಏರಿಸುವ ಮುಂಚೆ ಮಾರ್ವೆಲ್ ಕೆಲವೇ ಊರುಗಳಲ್ಲಿ ಪರೀಕ್ಷೆಗೆ ಅಂತ ಹೊಸ ಬೆಲೆ ಅಚ್ಚುಹಾಕಿಸಿತ್ತು: 1976ರ ಏಪ್ರಿಲ್-ಆಗಸ್ಟ್ ಸಂಚಿಕೆಗಳಲ್ಲಿ 30 ಸೆಂಟ್, 1977ರ ಜೂನ್-ಅಕ್ಟೋಬರ್ ಸಂಚಿಕೆಗಳಲ್ಲಿ 35 ಸೆಂಟ್. ಮಾಮೂಲಿ ಪ್ರತಿಗಿಂತ ಇವಕ್ಕೆ ಬೇಡಿಕೆ ಹೆಚ್ಚು, ಆದ್ದರಿಂದ ಬೆಲೆಯ ಅಂಕಿಯನ್ನು ಭೂತಗನ್ನಡಿಯಲ್ಲೇ ನೋಡಿ. ಅಚ್ಚಿನ ಚುಕ್ಕೆ ಅಂಕಿಯ ಸುತ್ತ ಮಾತ್ರ ಕದಡಿದ್ದರೆ ಅಥವಾ ಅಂಟಿಸಿದ ಅಂಚು ಕಂಡರೆ ವಾಪಸ್ ಕಳಿಸಿ.

ಇಡುವ ವಿಷಯ. ಪುಟ ಅಗ್ಗದ ನ್ಯೂಸ್‌ಪ್ರಿಂಟ್, ತನ್ನೊಳಗಿನ ಆಮ್ಲದಿಂದ ತಾನೇ ಸುಡುತ್ತದೆ. ಬಿಸಿಲು ಮತ್ತು ತೇವ ಅದಕ್ಕೆ ಗಾಳಿ ಹಾಕುತ್ತವೆ. ಸಿಲ್ವರ್ ಸೈಜಿನ 7⅛ × 10½ ಇಂಚಿನ ಚೀಲ, ಆಮ್ಲರಹಿತ ಬೋರ್ಡ್ ತಗೊಳ್ಳಿ, ಬೋರ್ಡಿನ ಲೇಪವಿರುವ ಹೊಳಪಿನ ಮೈ ಕಾಮಿಕ್ಸ್ ಕಡೆಗಿರಲಿ. ಪಾಲಿಪ್ರೊಪಿಲೀನ್ ಚೀಲವನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು, ಮೈಲಾರ್ ಎಂಬ ಪಾಲಿಯೆಸ್ಟರ್ ಚೀಲ ಹಾಕಿದರೆ ಆ ತಲೆನೋವಿಲ್ಲ. ಸಂಚಿಕೆ ಎಳೆಯುವ ಮುಂಚೆ ಚೀಲದ ಟೇಪನ್ನು ಪೂರ್ತಿ ಬಿಡಿಸಿ ಬೇರೆಡೆ ಅಂಟಿಸಿಬಿಡಿ. ಅರ್ಧ ಬಿಚ್ಚಿದ ಟೇಪಿಗೆ ಮುಖಪುಟ ಅಂಟಿ ಸೀಳುವಷ್ಟು ಹೊಟ್ಟೆ ಉರಿಸುವ ನಷ್ಟ ಇನ್ನೊಂದಿಲ್ಲ. ಮಂಗಳೂರು, ಉಡುಪಿ ಕಡೆ, ಮಲೆನಾಡಿನಲ್ಲಿ ಜೂನ್ ಬಂತೆಂದರೆ ಪಿನ್ನು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಹಬ್ಬುತ್ತದೆ. ಹೊರಗೋಡೆಗೆ ತಾಗಿದ ಕಪಾಟು ಬೇಡ, ನೆಲದಿಂದ ಅರ್ಧ ಅಡಿ ಮೇಲಿರಲಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಬಣ್ಣ ಬದಲಾದಾಗ ಒಣಗಿಸಿ. ಅಗ್ಗದ ತೇವಮಾಪಕ ಶೇಕಡಾ 50ರ ಆಚೀಚೆ ತೋರಿಸುತ್ತಿದ್ದರೆ ನಿಶ್ಚಿಂತೆ ಎನ್ನುವ ಹಾಗಿದ್ದರೆ ಚೆನ್ನಿತ್ತು, ಅಗ್ಗದವು ಸುಳ್ಳು ಹೇಳುತ್ತವೆ. ಎರಡು ಇಟ್ಟು ಹೋಲಿಸಿ. ನುಸಿಗುಳಿಗೆ ಹಾಕಬೇಡಿ, ವಾಸನೆ ಕಾಗದ ಬಿಟ್ಟು ಹೋಗುವುದೇ ಇಲ್ಲ.

ಇನ್ನು ಸಂಗ್ರಾಹಕರ ಜಗಳ. ಯಾವ ಮುಖಪುಟ ದೊಡ್ಡದು, ಯಾವ ಖಳ ದೊಡ್ಡವನು ಅಂತ ವಾದಕ್ಕಿಳಿಯುವ ಮುಂಚೆ ಒಂದು ಸಂಗತಿ ತಿಳಿದಿರಲಿ: ಖಳನಿಗೂ ಮುಖಪುಟಕ್ಕೂ ಎಷ್ಟೋ ಸಲ ಸಂಬಂಧವೇ ಇಲ್ಲ. ಕಿಂಗ್‌ಪಿನ್ ಎಂಬ ಖಳ ಮೊದಲು ಬಂದ ‘ಸ್ಪೈಡರ್‌ಮ್ಯಾನ್’ 50ರ (1967 ಜುಲೈ) ಮುಖಪುಟದಲ್ಲಿ ಕಿಂಗ್‌ಪಿನ್ ಇಲ್ಲ, ಸ್ಪೈಡರ್‌ಮ್ಯಾನ್ ವೇಷ ಬಿಟ್ಟು ಹೊರಟ ಪೀಟರ್, ಅಂದರೆ ನಾಯಕನೇ ಇದ್ದಾನೆ. ಗೆಲಾಕ್ಟಸ್ ಎಂಬ ಖಳ ಮೊದಲು ಕಾಲಿಟ್ಟ ‘ಫೆಂಟಾಸ್ಟಿಕ್ ಫೋರ್’ 48ರ ಮೇಲೆ ಗೆಲಾಕ್ಟಸ್ ಕಾಣುವುದಿಲ್ಲ, ಮುಖ ನೋಡಬೇಕೆಂದರೆ 49 ಕೊಳ್ಳಬೇಕು. ಹಾಗಾಗಿ ನೀವು ಮುಖಪುಟದ ಗಿರಾಕಿಯೋ ಖಳನ ಗಿರಾಕಿಯೋ ಅಂತ ಮೊದಲೇ ತೀರ್ಮಾನಿಸಿ, ದುಡ್ಡು ಉಳಿಯುತ್ತದೆ. 1974ರ ಫೆಬ್ರವರಿಯ ‘ಸ್ಪೈಡರ್‌ಮ್ಯಾನ್’ 129ಕ್ಕೆ ಎಲ್ಲರೂ ದುಡ್ಡು ಸುರಿಯುವುದು ಬಂದೂಕು ಹಿಡಿದ ಪನಿಷರ್‌ಗಾಗಿ. ಅದೇ ಸಂಚಿಕೆಯಲ್ಲಿ ಜ್ಯಾಕಲ್ ಎಂಬ ಖಳನೂ ಹುಟ್ಟಿದ. ಸ್ಪೈಡರ್‌ಮ್ಯಾನ್ ಬದುಕನ್ನು ಕೆಡಿಸಿದ್ದರಲ್ಲಿ ಜ್ಯಾಕಲ್‌ನ ಪಾಲೇ ಹೆಚ್ಚು, ಮುಖಪುಟದ ಭಾಗ್ಯ ಮಾತ್ರ ಅವನಿಗಿರಲಿಲ್ಲ.

ವಾದದಲ್ಲಿ ಸಂಚಿಕೆ ನಂಬರು, ವರ್ಷ, ಮುಖಪುಟದ ಚಿತ್ರ ಬರೆದವರು, ಒಳಚಿತ್ರ ಬರೆದವರು, ಈ ನಾಲ್ಕನ್ನೂ ಹೇಳಿ. ‘ಜೋಕರ್ ಭಯಂಕರ’ ಅಂದರೆ ಯಾವ ಜೋಕರ್? 1940ರ ‘ಬ್ಯಾಟ್‌ಮನ್’ 1ರವನು ಕೊಲೆಗಾರ. 1954ರಲ್ಲಿ ಕಾಮಿಕ್ಸ್ ಕೋಡ್ (ಪ್ರಕಾಶಕರೇ ಹಾಕಿಕೊಂಡ ಕಟ್ಟುಪಾಡು) ಬಂದ ನಂತರದವನು ಹೆಚ್ಚುಕಮ್ಮಿ ಕೋಡಂಗಿ. ಮತ್ತೆ ಕೊಲೆಗಾರನಾಗಿದ್ದು 1973ರ ಸೆಪ್ಟೆಂಬರ್‌ನ ‘ಬ್ಯಾಟ್‌ಮನ್’ 251ರಲ್ಲಿ. ಅದರ ಮುಖಪುಟ, ಒಳಚಿತ್ರ ಎರಡೂ ನೀಲ್ ಆಡಮ್ಸ್‌ದೇ. 1973ರ ಜೂನ್‌ನ ‘ಸ್ಪೈಡರ್‌ಮ್ಯಾನ್’ 121 ಹಾಗಲ್ಲ: ಮುಖಪುಟ ಜಾನ್ ರೊಮೀಟಾ, ಒಳಗೆ ಗಿಲ್ ಕೇನ್. ಮುಖಪುಟದ ಮೇಲೆ ಕಥೆಯ ಖಳ ಗ್ರೀನ್ ಗಾಬ್ಲಿನ್ ಎಲ್ಲೂ ಇಲ್ಲ. ನಾಯಕನ ಬಂಧುಬಳಗದ ಮುಖಗಳನ್ನು ಇಟ್ಟು, ಇವರಲ್ಲಿ ಒಬ್ಬರು ಸಾಯುತ್ತಾರೆ ಅಂದಿದ್ದಾರೆ ಅಷ್ಟೆ. ಖಳನನ್ನು ಅಡಗಿಸಿಟ್ಟೇ ಹೆದರಿಸುವ ಮುಖಪುಟ ಅದಕ್ಕಿಂತ ಚೆನ್ನಾಗಿರುವುದು ಸಿಗುವುದು ಕಷ್ಟ.

ಆ ಸಂಚಿಕೆಯೊಳಗಿನ ಒಂದು ಚಿತ್ರಚೌಕ ಇವತ್ತಿಗೂ ಜಗಳದ ಮೂಲ. ಸೇತುವೆಯಿಂದ ಬೀಳುವ ಪೀಟರ್‌ನ ಪ್ರೇಯಸಿ ಗ್ವೆನ್ ಕಾಲಿಗೆ ಸ್ಪೈಡರ್‌ಮ್ಯಾನ್ ಎಸೆದ ಬಲೆ ಅಂಟುತ್ತದೆ, ಕುತ್ತಿಗೆಯ ಬಳಿ ಸಣ್ಣಕ್ಷರದಲ್ಲಿ ‘ಸ್ನ್ಯಾಪ್’. ಕೊಂದಿದ್ದು ಗಾಬ್ಲಿನ್ನೋ ಬಲೆಯೋ? ಬಲೆ ದಿಢೀರ್ ಎಳೆದು ನಿಲ್ಲಿಸಿದ ಜಗ್ಗಿಗೇ ಸತ್ತಳು ಎಂದು ಸಂಪಾದಕರ ಕಡೆಯಿಂದ ಉತ್ತರ ಬಂದಿದ್ದು 125ರ ಪತ್ರಗಳ ಪುಟದಲ್ಲಿ. ಕಥೆ ಮರುಮುದ್ರಿಸಿದ ಪುಸ್ತಕಗಳಲ್ಲಿ ಪತ್ರಗಳ ಪುಟ ಸಾಮಾನ್ಯವಾಗಿ ಇರುವುದಿಲ್ಲ. 121ಕ್ಕೆ ಹೋಲಿಸಿದರೆ 125 ತೀರಾ ಅಗ್ಗ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟುಕೊಳ್ಳಿ.