ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು: ಹೊಸಬರಿಗೆ ಮಾರ್ಗದರ್ಶಿ

ಹೊರನಾಡಿಗೆ ಬಂದಿದ್ದೀರಿ. ಮನೆ ಸಿಕ್ಕಿತು, ಮಕ್ಕಳ ಶಾಲೆ ಆಯಿತು, ಕಾಗದಪತ್ರ ಮುಗಿದವು. ಇನ್ನು ಎಲ್ಲೂ ಅಚ್ಚಾಗದ ನಿಯಮಗಳು. ಕಾನೂನು ಮೀರಿದರೆ ದಂಡದ ಚೀಟಿ ಬರುತ್ತದೆ. ರೂಢಿ ಮೀರಿದರೆ ಎದುರಿನವರು ಸ್ವಲ್ಪ ಬಿಗಿಯಾಗುತ್ತಾರೆ, ಅಷ್ಟೆ. ಕಣ್ಣಿಡಬೇಕಾದದ್ದು ಆ ಬಿಗಿತದ ಮೇಲೆ.

ಹೆಚ್ಚು ಎಡವುವುದು ಕೇಳಿಕೊಳ್ಳುವ ರೀತಿಯಲ್ಲಿ. ಕನ್ನಡದ ಮರ್ಯಾದೆ ಕ್ರಿಯಾಪದದೊಳಗೇ ಇದೆ: "ಸ್ವಲ್ಪ ಕೊಡ್ತೀರಾ" ಅಂದರೆ ಸಾಕು. "ದಯವಿಟ್ಟು" ಫಲಕಕ್ಕೆ, ಪ್ರಕಟಣೆಗೆ. ಮನೆಮಾತಿನಲ್ಲಿ ಅದು ಅತಿಯಾಗುತ್ತದೆ. ಇಂಗ್ಲಿಷಿಗೆ ಹೋದಾಗ ಆ "ಈರಾ" ಉದುರಿಹೋಗಿ ಬರಿಯ ಅಪ್ಪಣೆ ಉಳಿಯುತ್ತದೆ. ನೀವು ನಯವಾಗಿಯೇ ಕೇಳಿರುತ್ತೀರಿ, ಅವರಿಗೆ ಗದರಿದಂತೆ ಕೇಳಿಸಿರುತ್ತದೆ. ಹಾಗಾಗಿ ಪ್ಲೀಸ್, ಥ್ಯಾಂಕ್ಸ್ ಎರಡನ್ನೂ ವ್ಯಾಕರಣದ ಭಾಗವೆಂದೇ ಕಲಿಯಿರಿ. ನಿರಾಕರಣೆಯದೂ ಇದೇ ಕತೆ. ನಮ್ಮ "ನೋಡೋಣ" ಎಷ್ಟೋ ಸಲ "ಆಗಲ್ಲ" ಎಂದೇ ಅರ್ಥ. ನೇರ ಮಾತಿನ ರೂಢಿಯವರು ಅದನ್ನು ಒಪ್ಪಿಗೆಯೆಂದು ತಿಳಿದು ಕಾಯುತ್ತಾರೆ. ಅಂಥವರಿಗೆ "ಈ ಸಲ ಆಗುವುದಿಲ್ಲ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿ. ಉದ್ದನೆಯ ಕಾರಣ ಕೊಟ್ಟರೆ ಚೌಕಾಸಿಗೆ ಕರೆದಂತಾಗುತ್ತದೆ.

ಮಾತಿನ ನಡುವಿನ ಮೌನವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಭಾಷೆಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೌದು–ಇಲ್ಲ ಪ್ರಶ್ನೆಗೆ ಸರಾಸರಿ ಅತಿ ಬೇಗ ಉತ್ತರಿಸಿದವರು ಜಪಾನೀ ಭಾಷಿಕರು, ಅತಿ ನಿಧಾನ ಡ್ಯಾನಿಶ್ ಭಾಷಿಕರು. ವ್ಯತ್ಯಾಸ ಅರ್ಧ ಸೆಕೆಂಡಿಗಿಂತ ಕಡಿಮೆ! ಅಷ್ಟಕ್ಕೇ ಒಬ್ಬರು "ಬಾಯಿ ಹಾಕುವವರು", ಇನ್ನೊಬ್ಬರು "ಬಿಗುಮಾನದವರು" ಅನ್ನಿಸಿಬಿಡಬಹುದು. ಸಭೆಯಲ್ಲಿ ನಿಮಗೆ ಮಾತಿನ ಸರದಿಯೇ ಸಿಗದಿದ್ದರೆ ಉಸಿರೆಳೆದು ಕಾಯಬೇಡಿ, ಕೈ ಎತ್ತಿ. ನೀವು ಬಾಯಿ ತೆರೆದಾಗಲೆಲ್ಲ ಉಳಿದವರು ಸುಮ್ಮನಾಗುತ್ತಿದ್ದರೆ ಮನಸ್ಸಿನಲ್ಲೇ ಎರಡು ಎಣಿಸಿ ಮಾತಾಡಿ.

ನಿಲ್ಲುವ ಅಂತರಕ್ಕೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಅಮೆರಿಕನ್ನರನ್ನು ನೋಡಿ ಅಳತೆ ಕೊಟ್ಟರು: ಆಪ್ತರಿಗೆ ಸುಮಾರು 45 ಸೆಂ.ಮೀ. ಒಳಗೆ, ಸ್ನೇಹಿತರಿಗೆ 1.2 ಮೀಟರ್‌ವರೆಗೆ, ಕೆಲಸದ ಪರಿಚಯಕ್ಕೆ ಅದಕ್ಕೂ ಆಚೆ. ಬೇರೆ ಕಡೆ ಈ ಅಂಕಿ ಹೊಂದುವುದಿಲ್ಲ. ಎದುರಿನವರು ಒಂದು ಹೆಜ್ಜೆ ಹಿಂದೆ ಸರಿದರೆ ನೀವು ಮುಂದೆ ಬರಬೇಡಿ, ಮುಗಿಯಿತು.

ಅನುಮಾನ ಬಂದರೆ ಕೇಳಿ, ಆದರೆ "ಇದು ಸರಿಯೇ?" ಎಂದಲ್ಲ. ಸಂಕೋಚಕ್ಕೆ ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ. "ನೀವಾದರೆ ಎಷ್ಟು ಹೊತ್ತಿಗೆ ಹೋಗುತ್ತೀರಿ, ಕೈಯಲ್ಲಿ ಏನು ಒಯ್ಯುತ್ತೀರಿ?" ಎಂದು ಕೇಳಿ. ವಯಸ್ಸು ಬೇರೆಯಿರುವ ಇಬ್ಬರನ್ನಾದರೂ ಕೇಳಿ. ಒಬ್ಬರ ಅಭ್ಯಾಸ ಊರಿನ ರೂಢಿಯಲ್ಲ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಹಿರಿಯರು ಗದರಿದಾಗ ತಲೆ ತಗ್ಗಿಸುವುದು ಕೆಲವರಿಗೆ ಗೌರವ, ಕೆಲವರಿಗೆ ತಪ್ಪು ಮುಚ್ಚಿಡುವ ಲಕ್ಷಣ. ಇದನ್ನು ಶಿಕ್ಷಕರಿಗೆ ಮೊದಲೇ ತಿಳಿಸಿ. ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆಂದು ಆಸ್ಪತ್ರೆಗೋ ಕಚೇರಿಗೋ ದುಭಾಷಿಯಾಗಿ ಕರೆದೊಯ್ಯಬೇಡಿ. ಕಹಿ ಸುದ್ದಿಯನ್ನು ಅವರು ಅರ್ಧಕ್ಕೆ ನುಂಗಿಬಿಡಬಹುದು. ಅಲ್ಲಿನ ಕನ್ನಡ ಸಂಘದ ಸ್ವಯಂಸೇವಕರನ್ನು ಕೇಳಿ, ಜೊತೆಗೆ ಬರುತ್ತಾರೆ.