ಮಿರಗದ (ಮೃಗಶಿರಾ) ಮಳೆಗೆ ಮೊದಲು ಊರಿನ ಅಪಾಯ ಅಳೆಯಿರಿ

ಮನೆ ಕಟ್ಟುವಾಗ ಗೌಂಡಿ ಮಟ್ಟ ನೋಡುವ ಪಾರದರ್ಶಕ ಪೈಪ್ ಗೊತ್ತಲ್ಲ? ನೆರೆಯ ಅಪಾಯ ಅಳೆಯಲು ಅದಕ್ಕಿಂತ ಒಳ್ಳೆಯ ಸಾಧನ ಹಳ್ಳಿಯಲ್ಲಿ ಸಿಗದು. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆ ಕಲಬುರಗಿಯಲ್ಲಿ ಕೂತು ಬರೆಯುವಂಥದ್ದು. ಯಾರ ಹೊಸ್ತಿಲಿಗೆ ಮೊದಲು ನೀರು ಬರುತ್ತದೆ ಎಂಬುದನ್ನು ಊರವರೇ ಬರೆಯಬೇಕು. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ, ಒಬ್ಬ ಗೌಂಡಿ ಕೂಡಿದರೆ ಎರಡು ದಿನದ ಕೆಲಸ.

1. ಹಿರಿಯರನ್ನು ಕೇಳಿ

ಇಸವಿ ಕೇಳಿದರೆ ಉತ್ತರ ಸಿಗದು. ‘ನಿಮ್ಮ ಮಗಳ ಮದುವೆಗಿಂತ ಮೊದಲೋ ಆಮೇಲೋ’ ಎಂದು ಕೇಳಿ. ಭೀಮಾ ತೀರದಲ್ಲಿ 2020ರ ಅಕ್ಟೋಬರ್ ನೆರೆಯನ್ನು ಯಾರೂ ಮರೆತಿಲ್ಲ. ಅಲ್ಲಿಂದ ಹಿಂದಕ್ಕೆ ಹೋಗಿ. ನೀರು ಯಾವ ದಿಕ್ಕಿನಿಂದ ಬಂತು ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ‘ಹೊಳಿ ಎದುರಿಂದ ಬರಂಗಿಲ್ರೀ, ಹಿಂದ ಹಳ್ಳದಿಂದ ಬರ್ತದ’ ಎನ್ನುವ ಅಜ್ಜಿಯ ಮಾತು ಉತ್ಪ್ರೇಕ್ಷೆಯಲ್ಲ. ನದಿ ತುಂಬಿದಾಗ ಹಳ್ಳದ ನೀರು ಮುಂದೆ ಹರಿಯಲಾಗದೆ ಊರೊಳಕ್ಕೆ ತಿರುಗುತ್ತದೆ.

2. ಮಟ್ಟ ಹಿಡಿಯಿರಿ

ಗುಡಿಯ ಗೋಡೆಯಲ್ಲೋ ಊರ ಅಗಸಿ ಬಾಗಿಲಲ್ಲೋ ಹಳೆಯ ನೆರೆಯ ಗುರುತು ಹುಡುಕಿ. ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ. ಈ ತುದಿಯ ನೀರು ಗುರುತಿಗೆ ಸರಿಯಾಗಿ ನಿಲ್ಲುವಂತೆ ಹಿಡಿದರೆ, ಆ ತುದಿಯ ನೀರೂ ಅದೇ ಮಟ್ಟದಲ್ಲಿರುತ್ತದೆ. ಅಲ್ಲಿಂದ ಹೊಸ್ತಿಲಿಗೆ ಟೇಪ್ ಇಳಿಬಿಡಿ. ಎರಡೂವರೆ ಅಡಿ ಬಂತೆಂದರೆ, ಅಂಥದೇ ನೆರೆ ಬಂದ ದಿನ ಆ ಮನೆಯಲ್ಲಿ ಎರಡೂವರೆ ಅಡಿ ನೀರು. ಮನೆಯಿಂದ ಮನೆಗೆ ಗುರುತು ದಾಟಿಸುತ್ತ ಹೋಗಿ. ಬಾಣಂತಿ, ಹಾಸಿಗೆ ಹಿಡಿದವರು, ಒಂಟಿ ಮುದುಕರು ಇರುವ ಮನೆಯ ಮುಂದೆ ಕೆಂಪು ಚುಕ್ಕಿ ಹಾಕಿಕೊಳ್ಳಿ.

3. ಗಂಟೆಗಳ ಲೆಕ್ಕ

ಭೀಮೆಗೆ ನೀರು ಬರುವುದು ಮೇಲಿನಿಂದ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ಬಿಟ್ಟದ್ದು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ ಕೆಳಗಿಳಿಯುತ್ತದೆ. ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಬರಬಹುದು. ಸೊನ್ನದಲ್ಲಿ ಗೇಟು ತೆಗೆದ ಎಷ್ಟು ಗಂಟೆಗೆ ನಿಮ್ಮೂರಿಗೆ ನೀರು ಮುಟ್ಟಿತು? ಒಂದೆರಡು ಸಲ ಗಡಿಯಾರ ನೋಡಿ ಬರೆದಿಟ್ಟರೆ ಸಾಕು, ದನಕರು ಬಿಚ್ಚಲು ಇರುವ ಸಮಯ ಅದೇ.

4. ಮಾಳಿಗೆ ನೋಡಿ

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ ಜನ ಮನೆಯ ಹೊರಗೆ ಮಲಗಿದ್ದರು. ಅವರ ಭಯಕ್ಕೆ ಕಾರಣವಿತ್ತು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಲಗಿದ್ದವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಮತ್ತು ಮಣ್ಣು ಹೊದಿಸಿದ ಭಾರದ ಮಾಳಿಗೆ. ಹತ್ತು–ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ತಲೆಯ ಮೇಲೆ ಐದು ಟನ್‌ಗೂ ಹೆಚ್ಚು ಭಾರ. ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಸುರಿಯುವುದು ನಮ್ಮ ರೂಢಿ. ಒಂದು ಮೂಲೆಯಲ್ಲಿ ಕಡ್ಡಿ ಚುಚ್ಚಿ ದಪ್ಪ ಅಳೆಯಿರಿ, ಗೋಡೆಯ ಬಿರುಕು ಗುರುತಿಸಿ.

5. ಸಿಡಿಲು

ಯಾರ ಹೊಲದಿಂದ ಗಟ್ಟಿ ಸೂರು ಎಷ್ಟು ದೂರ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಬೇವಿನ ಮರ ಸೂರಲ್ಲ. ಮಿಂಚಿದ ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಮೊಬೈಲ್ ಇದ್ದವರಿಗೆ ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಹಾಕಿಕೊಡಿ.

6. ಅಂಕ ಕೊಡಿ

ಒಂದೊಂದು ಅಪಾಯವೂ ಎಷ್ಟು ಸಲ ಬರುತ್ತದೆ ಎಂಬುದಕ್ಕೆ ಐದರಲ್ಲಿ ಅಂಕ, ಎಷ್ಟು ಹಾಳುಮಾಡುತ್ತದೆ ಎಂಬುದಕ್ಕೆ ಐದರಲ್ಲಿ ಅಂಕ, ಎರಡನ್ನೂ ಗುಣಿಸಿ. ತೊಗರಿ ನಂಬಿದ ಊರುಗಳಲ್ಲಿ ಬರಗಾಲವೇ ಮೇಲೆ ಬಂದು ಸಿಡಿಲು ತಳಕ್ಕಿಳಿಯಬಹುದು. ಈ ಗುಣಾಕಾರವನ್ನು ನಾನು ಪೂರ್ತಿ ನಂಬುವುದಿಲ್ಲ. ಜೀವಹಾನಿಗೆ ಒಂದು ಪಟ್ಟಿ, ಬೆಳೆಹಾನಿಗೆ ಇನ್ನೊಂದು ಇರಲಿ.

ಎರಡರ ಮೇಲೂ ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077 ಬರೆದು ಪಂಚಾಯಿತಿಯಲ್ಲಿ ಅಂಟಿಸಿ. ಅದಕ್ಕೂ ಮೊದಲು ಪಂಚಾಯಿತಿ ಕಚೇರಿ ಮತ್ತು ಕಾಳಜಿ ಕೇಂದ್ರವಾಗಲಿರುವ ಶಾಲೆಯ ಹೊಸ್ತಿಲಿಗೂ ಪೈಪ್ ಹಿಡಿದು ನೋಡಿ.