ಮನೆಯವರ ಗ್ರೂಪನ್ನು ಸಿಗ್ನಲ್‌ಗೆ ಸಾಗಿಸುವುದು ಹೇಗೆ?

ಮಂಡ್ಯ ಕಡೆಯ ಯಾವ ಮನೆಯ ವಾಟ್ಸ್ಆ್ಯಪ್ ಗ್ರೂಪ್ ತೆಗೆದರೂ ಪಹಣಿ ಫೋಟೊ, ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಗಂಡಿನ ಕಡೆಯವರು ಕಳಿಸಿದ ಜಾತಕ ಸಿಗುತ್ತವೆ. ಆ ಮೆಸೇಜ್‌ಗಳನ್ನು ಕಂಪನಿ ಓದಲಾರದು, ನಿಜ. 2016ರಿಂದ ಅವಕ್ಕೆ ಹಾಕಿರುವ ಬೀಗವೂ ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪಿನ ತಂಡ ಮಾಡಿದ್ದೇ. ಆದರೆ ಯಾವ ಗ್ರೂಪಿನಲ್ಲಿ ಯಾರಿದ್ದಾರೆ, ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನುವುದು ವಾಟ್ಸ್ಆ್ಯಪ್‌ಗೆ ತಿಳಿಯುತ್ತದೆ. ಅದರ ಒಡೆಯ ಮೆಟಾ ಬದುಕಿರುವುದೇ ಜಾಹೀರಾತಿನಿಂದ.

ಸಿಗ್ನಲ್ ಹಾಗಲ್ಲ. ಅದನ್ನು ನಡೆಸುವುದು ಲಾಭಕ್ಕಾಗಿ ದುಡಿಯದ ಸಂಸ್ಥೆ, ಜಾಹೀರಾತಿಲ್ಲ. ವಾಟ್ಸ್ಆ್ಯಪ್ ಕಟ್ಟಿದವರಲ್ಲಿ ಒಬ್ಬರಾದ ಬ್ರಯಾನ್ ಆಕ್ಟನ್ ಅವರೇ 2018ರಲ್ಲಿ 5 ಕೋಟಿ ಡಾಲರ್ ಕೊಟ್ಟು ಇದಕ್ಕೆ ಬಲ ತುಂಬಿದರು. 2016ರಲ್ಲಿ ಅಮೆರಿಕದಲ್ಲಿ ಒಂದು ಖಾತೆಯ ವಿವರ ಕೇಳಿ ಸಮನ್ಸ್ ಬಂದಾಗ ಸಿಗ್ನಲ್‌ನವರ ಹತ್ತಿರ ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಗೆ ಬಳಸಿದ ದಿನ. ನನಗೆ ನಂಬಿಕೆ ಬಂದಿದ್ದು ಇದರಿಂದಲೇ.

ಮೊದಲು ಪ್ಲೇ ಸ್ಟೋರ್‌ನಲ್ಲಿ ಸಿಗ್ನಲ್ ಹುಡುಕಿ. ಹೆಸರಿನ ಕೆಳಗೆ ಸಿಗ್ನಲ್ ಫೌಂಡೇಶನ್ ಅಂತ ಇರಬೇಕು. ನಂಬರ್ ಕೊಟ್ಟರೆ ಎಸ್‌ಎಂಎಸ್‌ನಲ್ಲಿ ಕೋಡ್ ಬರುತ್ತದೆ. ಆಮೇಲೆ ಕೇಳುವ ಪಿನ್‌ಗೆ ಎಟಿಎಂ ಪಿನ್ ಹಾಕಬೇಡಿ. ಮರೆತರೆ ಯಾರೂ ಹುಡುಕಿಕೊಡಲಾರರು, ಎಲ್ಲಾದರೂ ಬರೆದಿಡಿ.

ನೀವೊಬ್ಬರೇ ಹೋದರೆ ಮಾತಾಡೋಕೆ ಯಾರಿರುತ್ತಾರೆ, ಅಲ್ವಾ? ಅದಕ್ಕೇ ಗ್ರೂಪನ್ನೇ ಕರೆದೊಯ್ಯಬೇಕು. ಸಿಗ್ನಲ್‌ನಲ್ಲಿ ಹೊಸ ಗ್ರೂಪ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಗ್ರೂಪ್ ಲಿಂಕ್ ಆನ್ ಮಾಡಿ. ಹೊಸಬರನ್ನು ಅಡ್ಮಿನ್ ಒಪ್ಪಬೇಕು ಅನ್ನುವ ಆಯ್ಕೆಯನ್ನೂ ಒತ್ತಿ. ಲಿಂಕನ್ನು ಹಳೇ ಗ್ರೂಪಿಗೆ ಹಾಕಿ. ಸುಮ್ನೆ ಲಿಂಕ್ ಹಾಕಿ ಕೂತರೆ ಹುಡುಗರು ಮಾತ್ರ ಬರುತ್ತಾರೆ. ದೊಡ್ಡಮ್ಮ, ಚಿಕ್ಕಪ್ಪನ ಫೋನನ್ನು ಭಾನುವಾರ ಕೈಗೆ ತಗೊಂಡು ನೀವೇ ಹಾಕಿಕೊಡಿ, ಅಲ್ಲೇ ಒಂದು ವಿಡಿಯೊ ಕಾಲ್ ಮಾಡಿಸಿ. ಮೈಸೂರಿನಲ್ಲಿ ಓದುವ ಮೊಮ್ಮಗಳ ಫೋಟೊ ಹೊಸ ಗ್ರೂಪಿಗೆ ಮಾತ್ರ ಬಂದರೆ ಅಜ್ಜಿಯೂ ಅಲ್ಲಿಗೇ ಬರುತ್ತಾರೆ.

ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಮೆಸೇಜ್ ತಾನಾಗಿ ಅಳಿಯುವ ಅವಧಿಯನ್ನು 4 ವಾರಕ್ಕೆ ಇಡಿ. ದಾಖಲೆಗಳ ಫೋಟೊ ಎಲ್ಲರ ಫೋನಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದು ತಪ್ಪುತ್ತದೆ. ಬೇಕಾದ್ದನ್ನು ಅಷ್ಟರೊಳಗೆ ತೆಗೆದಿಟ್ಟುಕೊಳ್ಳಿ.

ವಾಟ್ಸ್ಆ್ಯಪ್ ಅಳಿಸಲೇಬೇಕು ಅಂತಿಲ್ಲ. ಅಂಗಡಿ, ಬ್ಯಾಂಕಿನ ಕೆಲಸಕ್ಕೆ ಇರಲಿ. ಇನ್ನೊಂದು ಮಾತು: ಸಿಗ್ನಲ್‌ನ ಮಾತುಕತೆ ನಿಮ್ಮ ಫೋನಿನಲ್ಲೇ ಇರುತ್ತದೆ. ಬ್ಯಾಕಪ್ ಆನ್ ಮಾಡದೆ ಫೋನ್ ಕಳೆದರೆ ಅದೂ ಹೋಯಿತು. ಇವತ್ತೇ ಆನ್ ಮಾಡಿ, ಅದು ಕೊಡುವ ಉದ್ದದ ಕೀಲಿಯನ್ನು ಕಾಗದದಲ್ಲಿ ಬರೆದುಕೊಳ್ಳಿ.